ಮನೆ ತುಂಬಿದರೆ ಮನಸ್ಸು ತುಂಬೀತೆ?

"ಡಾಕ್ಟ್ರೇ, ಊಟಕ್ಕೆ ಬಟ್ಟೆಗೆ ಏನೂ ತೊಂದರೆಯಿಲ್ಲ. ಆದರೂ ರಾತ್ರಿ ನಿದ್ದೆ ಬರಲ್ಲ, ಎದೆ ಢವಢವ ಅನ್ನುತ್ತೆ, ಸಣ್ಣ ಮಾತಿಗೂ ಸಿಟ್ಟು ಬರುತ್ತೆ."

ಬೆಳ್ಳಾವಿಯಂಥ ಹೋಬಳಿ ಕೇಂದ್ರದಲ್ಲಿ ವೈದ್ಯವೃತ್ತಿ ನಡೆಸುವವರಿಗೆ ವಾರದಲ್ಲಿ ಹಲವು ಬಾರಿ ಕೇಳಿಬರುವ ದೂರು ಇದು. ಹೇಳುವವರು ತೆಂಗಿನ ತೋಟದ ಒಡೆಯರಿರಬಹುದು, ತುಮಕೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನೌಕರರಿರಬಹುದು, ಅಂಗಡಿ ಇಟ್ಟವರಿರಬಹುದು. ರಕ್ತ ಪರೀಕ್ಷೆ, ಇ.ಸಿ.ಜಿ., ಥೈರಾಯ್ಡ್ ಪರೀಕ್ಷೆ ಎಲ್ಲವೂ ಆಗುತ್ತವೆ. ಕೆಲವರಲ್ಲಿ ಕಾಯಿಲೆ ಸಿಗುತ್ತದೆ, ಚಿಕಿತ್ಸೆ ಕೊಡುತ್ತೇವೆ. ಇನ್ನು ಕೆಲವರಲ್ಲಿ ಏನೂ ಸಿಗುವುದಿಲ್ಲ. ಆಗ ವೈದ್ಯರು ಸ್ಟೆಥಾಸ್ಕೋಪ್ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ತಿಂಗಳಿಗೆ ಎಷ್ಟು ಕಂತು ಕಟ್ಟುತ್ತೀರಿ? ಯಾವುದಕ್ಕಾಗಿ ಸಾಲ? ಹೊಸದಾಗಿ ಏನು ಕೊಂಡಿರಿ? ಕೊಂಡ ಮೇಲೆ ಎಷ್ಟು ದಿನ ಸಂತೋಷವಿತ್ತು?

ಈ ಕೊನೆಯ ಪ್ರಶ್ನೆಗೆ ಹೆಚ್ಚಿನವರು ನಕ್ಕುಬಿಡುತ್ತಾರೆ. ಆ ನಗುವಿನಲ್ಲೇ ಉತ್ತರವಿದೆ.

ಸರಳ ಜೀವನ, ಸಂತೃಪ್ತಿ ಎಂದರೆ ಅದು ಮಠಾಧೀಶರು, ಹಿರಿಯರು ಹೇಳುವ ಉಪದೇಶ ಎಂದು ನಾವು ಭಾವಿಸಿದ್ದೇವೆ. ಆದರೆ ಅದು ಆರೋಗ್ಯದ ವಿಷಯವೂ ಹೌದು. ಆಸೆ, ಸಾಲ, ಹೋಲಿಕೆ, ತೃಪ್ತಿ ಇವೆಲ್ಲ ನಮ್ಮ ದೇಹದಲ್ಲಿ ಏನು ಮಾಡುತ್ತವೆ, ಕಡಿಮೆ ವಸ್ತುಗಳೊಂದಿಗೆ ನೆಮ್ಮದಿಯಾಗಿರಲು ಸಾಧ್ಯವೇ, ಅದಕ್ಕೆ ಮಿತಿಗಳೇನು ಎಂಬುದನ್ನು ಈ ವಾರ ನೋಡೋಣ.

ಬೇಕು ಎನ್ನುವುದು ಬೇರೆ, ಸುಖ ಬೇರೆ

ಮಲ್ಲಿಗೆ ಹೂವಿನ ಅಂಗಡಿಗೆ ಹೋದಾಗ ಮೊದಲ ಕ್ಷಣದಲ್ಲಿ ಘಮ್ ಎನ್ನುವ ವಾಸನೆ ಐದು ನಿಮಿಷದ ಬಳಿಕ ಗೊತ್ತೇ ಆಗುವುದಿಲ್ಲ. ಹೂವು ಅಲ್ಲೇ ಇದೆ, ವಾಸನೆಯೂ ಇದೆ. ಮೂಗು ಮಾತ್ರ ಅದಕ್ಕೆ ಹೊಂದಿಕೊಂಡಿದೆ. ನಮ್ಮ ನರಮಂಡಲದ ಸ್ವಭಾವವೇ ಇದು. ಬದಲಾವಣೆಯನ್ನು ಅದು ಗಮನಿಸುತ್ತದೆ, ಇದ್ದದ್ದನ್ನು ಮರೆತುಬಿಡುತ್ತದೆ.

ಹೊಸ ಮೊಬೈಲು, ಹೊಸ ಸ್ಕೂಟರು, ಗೋಡೆ ತುಂಬುವ ಟಿ.ವಿ. ಇವುಗಳ ಗತಿಯೂ ಇದೇ. ಮೊದಲ ವಾರ ಒರೆಸಿ ಒರೆಸಿ ಇಡುತ್ತೇವೆ. ಮೂರು ತಿಂಗಳಾಗುವಷ್ಟರಲ್ಲಿ ಅದು ಮನೆಯ ಗೋಡೆಯಷ್ಟೇ ಸಾಮಾನ್ಯ. ಸಂತೋಷ ಹೋಗಿರುತ್ತದೆ, ಕಂತು ಉಳಿದಿರುತ್ತದೆ.

ಇದರ ಹಿಂದೆ ಮೆದುಳಿನ ಒಂದು ವಿಚಿತ್ರ ವ್ಯವಸ್ಥೆ ಇದೆ. ಡೋಪಮಿನ್ ಎಂಬ ರಾಸಾಯನಿಕವನ್ನು ಸುಖದ ರಾಸಾಯನಿಕ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಪೂರ್ತಿ ಸರಿಯಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಜ್ಞಾನಿ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು ಇಲಿಗಳ ಮೆದುಳಿನಲ್ಲಿ ಡೋಪಮಿನ್ ಇಲ್ಲದಂತೆ ಮಾಡಿ ಪರೀಕ್ಷಿಸಿದರು. ಆ ಇಲಿಗಳು ಆಹಾರ ಹುಡುಕಿಕೊಂಡು ಹೋಗುವುದನ್ನೇ ಬಿಟ್ಟವು. ಆದರೆ ಬಾಯಿಗೆ ಸಿಹಿ ಹಾಕಿದಾಗ ಮೊದಲಿನಂತೆಯೇ ಚಪ್ಪರಿಸಿದವು! ಅಂದರೆ 'ಬೇಕು' ಎಂದು ಓಡಿಸುವ ಯಂತ್ರ ಬೇರೆ, ಸಿಕ್ಕಾಗ 'ಚೆನ್ನಾಗಿದೆ' ಎಂದು ಸವಿಯುವ ಯಂತ್ರ ಬೇರೆ. ಡೋಪಮಿನ್‌ನ ಮುಖ್ಯ ಕೆಲಸ ಓಡಿಸುವುದು.

ವ್ಯಾಪಾರಿಗಳು ಈ ಗುಟ್ಟನ್ನು ಚೆನ್ನಾಗಿ ಬಲ್ಲರು. ಮೊಬೈಲಿನಲ್ಲಿ ಒಂದು ಚಪ್ಪಲಿ ನೋಡಿದರೆ ಸಾಕು, ಹತ್ತು ಬಗೆಯ ಚಪ್ಪಲಿ ಬಂದು ಕಣ್ಣ ಮುಂದೆ ನಿಲ್ಲುತ್ತವೆ. 'ಇನ್ನು ಎರಡೇ ಗಂಟೆ', 'ಇನ್ನು ಮೂರೇ ಉಳಿದಿವೆ' ಎಂಬ ಸೂಚನೆಗಳು ನಮ್ಮ ಓಡುವ ಯಂತ್ರಕ್ಕೆ ಚಾಟಿ ಬೀಸುತ್ತವೆ. ಪಾರ್ಸಲ್ ಬರುವವರೆಗೆ ಇರುವ ಸಡಗರ ಬಂದ ಮರುದಿನ ಇರುವುದಿಲ್ಲ. ಸಂತೆಗೆ ಹೋದರೆ ಚೀಲ ತುಂಬಿದ ಮೇಲೆ ಮನೆಗೆ ಬರಲೇಬೇಕು. ಮೊಬೈಲಿನೊಳಗಿನ ಸಂತೆ ಮಾತ್ರ ಹಗಲು ರಾತ್ರಿ ಮುಗಿಯುವುದೇ ಇಲ್ಲ.

ಸಾಲದ ಕಂತು, ರಕ್ತದ ಒತ್ತಡ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮ್ಮ ಹಿರಿಯರು ಹಣಕಾಸಿನ ಬುದ್ಧಿವಾದವಾಗಿ ಹೇಳಿದರು. ಅದನ್ನು ವೈದ್ಯರ ಸಲಹೆಯಾಗಿಯೂ ತೆಗೆದುಕೊಳ್ಳಬಹುದು. ಹೇಗೆ ಎಂದು ನೋಡಿ.

ಎದುರಿಗೆ ನಾಗರಹಾವು ಕಂಡರೆ ನಮ್ಮ ದೇಹದಲ್ಲಿ ಅಡ್ರಿನಲಿನ್ ಹಾರ್ಮೋನು ಚಿಮ್ಮುತ್ತದೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಜೊತೆಗೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ರಕ್ತದಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸುತ್ತದೆ. ಓಡಲು ಶಕ್ತಿ ಬೇಕಲ್ಲ? ಹಾವು ಹೋದ ಮೇಲೆ ಎಲ್ಲವೂ ಸ್ವಸ್ಥಿತಿಗೆ ಬರುತ್ತವೆ. ಇದು ನಮ್ಮನ್ನು ಉಳಿಸಲೆಂದೇ ಇರುವ ಏರ್ಪಾಡು.

ಆದರೆ ಸಾಲದ ಕಂತು ಪ್ರತಿ ವಾರ, ಪ್ರತಿ ತಿಂಗಳು ಬರುವ ಹಾವು. ಅದು ಹೋಗುವುದೇ ಇಲ್ಲ. ಚಿಂತೆ ಬಹುಕಾಲ ಮುಂದುವರಿದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವರಿಗೆ ಮರುದಿನ ಸಿಹಿ, ಕರಿದ ತಿಂಡಿಯ ಆಸೆ ಹೆಚ್ಚು. ಬೀಡಿ, ಸಿಗರೇಟು, ಮದ್ಯದ ಕಡೆಗೆ ಕೈ ಹೋಗುತ್ತದೆ. ಹೊಟ್ಟೆ ಉರಿ, ತಲೆನೋವು, ಕುತ್ತಿಗೆ ನೋವು ಕಾಣಿಸಿಕೊಳ್ಳುತ್ತವೆ. ಮೊದಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಲ್ಲಿ ಅವು ಹತೋಟಿ ತಪ್ಪುತ್ತವೆ. ಎಷ್ಟೋ ಸಲ ಅದೇ ಮಾತ್ರೆ, ಅದೇ ಪಥ್ಯ ಇದ್ದರೂ ಸಕ್ಕರೆ ಏರಿರುತ್ತದೆ. ವಿಚಾರಿಸಿದರೆ ಮಗಳ ಮದುವೆಗೆ ಮಾಡಿದ ಸಾಲದ ಕಥೆ ಹೊರಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಸುಮಾರು 31.5 ಕೋಟಿ ಜನರಿಗೆ ರಕ್ತದ ಏರೊತ್ತಡವಿದೆ. ಇದಕ್ಕೆಲ್ಲ ಆಸೆಯೇ ಕಾರಣ ಎಂದರೆ ತಪ್ಪಾದೀತು. ವಂಶಪಾರಂಪರ್ಯ, ಬೊಜ್ಜು, ಉಪ್ಪು, ಕುಳಿತು ಮಾಡುವ ಕೆಲಸ ಎಲ್ಲವೂ ಕಾರಣಗಳೇ. ಆದರೆ ಈ ಕಾಯಿಲೆಗಳನ್ನು ಹತೋಟಿಯಲ್ಲಿಡಲು ಬೇಕಾದ ನಿದ್ದೆ, ನಡಿಗೆ, ಹೊತ್ತು ಹೊತ್ತಿಗೆ ಊಟ, ಮನೆಯ ಶಾಂತಿ ಇವೆಲ್ಲವನ್ನೂ ಸಾಲದ ಚಿಂತೆ ಕಸಿದುಕೊಳ್ಳುತ್ತದೆ ಎಂಬುದಂತೂ ನಿಜ.

ಸಾಲದ ಭಾರ ಹಳ್ಳಿಗಳಲ್ಲಿ ಎಂಥ ಸ್ಥಿತಿ ತಂದಿತ್ತೆಂದರೆ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಿತ್ತನೆಗೆ, ಚಿಕಿತ್ಸೆಗೆ, ಮಕ್ಕಳ ಓದಿಗೆ ಸಾಲ ಮಾಡಿದವರನ್ನು ಯಾರೂ ದೂರಬಾರದು. ಅದು ಆಸೆಯಲ್ಲ, ಅನಿವಾರ್ಯ. ನಾನು ಹೇಳುತ್ತಿರುವುದು ನೆಂಟರ ಮನೆಯವರಿಗಿಂತ ಒಂದು ಕೈ ಮೇಲಾಗಿ ಗೃಹಪ್ರವೇಶ ಮಾಡಲು, ಇನ್ನೂ ಚೆನ್ನಾಗಿ ಓಡುತ್ತಿರುವ ಬೈಕನ್ನು ಕೊಟ್ಟು ಹೊಸದನ್ನು ತರಲು ಮಾಡುವ ಸಾಲದ ಮಾತು. ಈ ಎರಡನೆಯ ಬಗೆಯ ಸಾಲವನ್ನು ತಡೆಯುವ ಶಕ್ತಿ ನಮ್ಮ ಕೈಯಲ್ಲೇ ಇದೆ.

ಮನೆಯೊಳಗಿನ ಸಾಮಾನು ಮತ್ತು ಕಾಯಿಲೆ

ಹೆಚ್ಚು ವಸ್ತುಗಳು ಮನಸ್ಸಿಗೆ ಮಾತ್ರ ಹೊರೆಯಲ್ಲ, ದೇಹಕ್ಕೂ ತೊಂದರೆ. ಇದನ್ನು ಬಹಳ ಮಂದಿ ಯೋಚಿಸಿರುವುದಿಲ್ಲ.

ಮೊದಲನೆಯದು ಸೊಳ್ಳೆ. ಡೆಂಗೆ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ನಿಂತ ಒಳ್ಳೆಯ ನೀರು ಸಾಕು. ನಮ್ಮ ತುಮಕೂರು ಸೀಮೆಯಲ್ಲಿ ಹಿತ್ತಿಲಿಗೆ ಹೋಗಿ ನೋಡಿ. ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಬಕೆಟ್ಟು, ಮುರಿದ ಒರಳು, 'ಯಾವತ್ತಾದರೂ ಬೇಕಾಗುತ್ತೆ' ಎಂದು ಎತ್ತಿಟ್ಟ ಡ್ರಮ್ಮು. ಒಂದು ಮಳೆ ಬಿದ್ದರೆ ಇವೆಲ್ಲ ಸೊಳ್ಳೆಯ ತೊಟ್ಟಿಲುಗಳು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಸಾಕು. ಬೇಡದ ಸಾಮಾನನ್ನು ಹೊರಹಾಕಿ, ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಿದರೆ ಡೆಂಗೆಯ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಧೂಳು. ಬಳಸದ ಹಾಸಿಗೆಗಳ ರಾಶಿ, ದಪ್ಪ ಪರದೆ, ಶೋಕೇಸಿನ ಗೊಂಬೆಗಳು, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು ಧೂಳು ಮತ್ತು ಕಣ್ಣಿಗೆ ಕಾಣದ ಧೂಳು ನುಸಿಗಳ ಬೀಡು. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಅದು ಮಲಗುವ ಕೋಣೆಯನ್ನು ಆದಷ್ಟು ಖಾಲಿಯಾಗಿಡಿ.

ಮೂರನೆಯದು ಜಾರಿ ಬೀಳುವುದು. ವಯಸ್ಸಾದವರ ತೊಡೆಮೂಳೆಯ ಮೇಲ್ಭಾಗ ಮುರಿಯುವುದು ಬಹುಪಾಲು ಮನೆಯಲ್ಲೇ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಇಟ್ಟ ಸ್ಟೂಲು, ಮುದುರಿದ ನೆಲಹಾಸು, ಚಪ್ಪಲಿಗಳ ರಾಶಿ ಇದಕ್ಕೆ ಸಾಕು. ಹಿರಿಯರಿರುವ ಮನೆಯಲ್ಲಿ ನಡೆದಾಡುವ ದಾರಿ ಬರಿದಾಗಿರುವುದೇ ದೊಡ್ಡ ಅಲಂಕಾರ.

ನಾಲ್ಕನೆಯದು ಹಳೆಯ ಔಷಧಿ ಮತ್ತು ಕೀಟನಾಶಕ. ಅವಧಿ ಮೀರಿದ ಮಾತ್ರೆಗಳು, ಅರ್ಧ ಉಳಿದ ಸಿರಪ್ಪುಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಹೊಲಕ್ಕೆ ಸಿಂಪಡಿಸಿ ಉಳಿದ ಕೀಟನಾಶಕದ ಡಬ್ಬಿಯನ್ನಂತೂ ವಾಸದ ಮನೆಯಲ್ಲಿ ಇಡಲೇಬಾರದು. ಕ್ಷಣಿಕ ಕೋಪ, ಬೇಸರದಲ್ಲಿ ಅದಕ್ಕೆ ಕೈ ಹಾಕಿ ಜೀವ ಕಳೆದುಕೊಂಡವರನ್ನು ಗ್ರಾಮೀಣ ವೈದ್ಯರೆಲ್ಲರೂ ಕಂಡಿದ್ದಾರೆ. ಕೈಗೆ ಸಿಗದಿದ್ದರೆ ಆ ಕ್ಷಣ ಕಳೆದುಹೋಗುತ್ತದೆ, ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಬಳಿಕ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಬೇಕಾದಷ್ಟೇ ತನ್ನಿ, ಉಳಿದದ್ದನ್ನು ವಾಸದ ಮನೆಯಿಂದ ದೂರದಲ್ಲಿ ಬೀಗ ಹಾಕಿ ಇಡಿ.

ಇನ್ನು ಮನಸ್ಸಿನ ಮಾತು. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಮಕ್ಕಳಿರುವ ದಂಪತಿಗಳ ಮನೆಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ವರದಿಯೊಂದು ಕುತೂಹಲಕರವಾಗಿದೆ. ತಮ್ಮ ಮನೆ ಅಸ್ತವ್ಯಸ್ತವಾಗಿದೆ, ಮುಗಿಯದ ಕೆಲಸಗಳಿಂದ ತುಂಬಿದೆ ಎಂದು ವರ್ಣಿಸಿದ ಹೆಂಗಸರಲ್ಲಿ ಸಂಜೆಯ ಹೊತ್ತಿಗೆ ಇಳಿಯಬೇಕಾದ ಕಾರ್ಟಿಸಾಲ್ ಸರಿಯಾಗಿ ಇಳಿದಿರಲಿಲ್ಲ. ಸಣ್ಣ ಅಧ್ಯಯನವಿದು, ಇದರಿಂದಲೇ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ಮನೆಯ ಸಾಮಾನನ್ನೆಲ್ಲ ಒರೆಸಿ, ಜೋಡಿಸಿ, ಹುಡುಕಿ ಕೊಡುವ ಕೆಲಸ ಯಾರ ಪಾಲಿಗಿದೆ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ಯಾವ ಅಧ್ಯಯನವೂ ಇಲ್ಲದೆ ಗೊತ್ತು.

ನಮ್ಮ ನಡುವೆ ಬಾಳಿದವರು

ಕಡಿಮೆ ವಸ್ತುಗಳೊಂದಿಗೆ ಬಾಳುವುದು ಪುಸ್ತಕದ ಮಾತು, ನಿಜಜೀವನದಲ್ಲಿ ಆಗದು ಎನ್ನುವವರಿದ್ದಾರೆ. ಅವರು ದೂರ ಹೋಗಬೇಕಾಗಿಲ್ಲ.

ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರು 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1930ರಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಸಾವಿರಾರು ಬಡ ಮಕ್ಕಳಿಗೆ ಜಾತಿಮತ ನೋಡದೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಅವರ ಸ್ವಂತಕ್ಕೆಂದು ಇದ್ದ ವಸ್ತುಗಳು ಅತ್ಯಲ್ಪ. ನಸುಕಿಗೆ ಮುನ್ನ ಏಳುವುದು, ಮಿತವಾದ ಸಾತ್ವಿಕ ಆಹಾರ, ಹೊತ್ತಿಗೆ ಸರಿಯಾಗಿ ಪೂಜೆ, ದಿನವಿಡೀ ಬಿಡುವಿಲ್ಲದ ಕೆಲಸ. ನೂರು ದಾಟಿದ ಮೇಲೂ ಅವರು ಮಕ್ಕಳ ನಡುವೆ ಓಡಾಡುತ್ತಿದ್ದುದನ್ನು ನಮ್ಮ ಜಿಲ್ಲೆಯ ಜನ ಕಣ್ಣಾರೆ ಕಂಡಿದ್ದಾರೆ.

ಸರಳವಾಗಿದ್ದರೆ ಎಲ್ಲರೂ ನೂರು ವರ್ಷ ಬದುಕುತ್ತಾರೆ ಎಂದು ವೈದ್ಯನಾಗಿ ನಾನು ಹೇಳಲಾರೆ. ದೀರ್ಘಾಯುಷ್ಯದಲ್ಲಿ ವಂಶವಾಹಿಗಳ ಪಾತ್ರವಿದೆ, ಅದೃಷ್ಟದ ಪಾತ್ರವೂ ಇದೆ. ಆದರೆ ಒಂದನ್ನು ಗಮನಿಸಿ. ಸ್ವಾಮೀಜಿಯವರ ಸರಳತೆ ಚಿಕಿತ್ಸೆಯನ್ನು ನಿರಾಕರಿಸುವ ಸರಳತೆಯಾಗಿರಲಿಲ್ಲ. ಕೊನೆಯ ದಿನಗಳಲ್ಲಿ, 2018ರ ಡಿಸೆಂಬರ್‌ನಲ್ಲಿ, ಚೆನ್ನೈನಲ್ಲಿ ಅವರಿಗೆ ಪಿತ್ತನಾಳದ ಶಸ್ತ್ರಚಿಕಿತ್ಸೆಯೂ ಆಯಿತು. ಬೇಕಾದದ್ದನ್ನು ಪಡೆಯುವುದು, ಬೇಡದ್ದನ್ನು ಬಿಡುವುದು, ಇವೆರಡೂ ಸೇರಿದರೇ ಸರಳತೆ.

ಸನ್ಯಾಸಿಗಳಿಗಾದರೆ ಸರಿ, ನಮಗೆ ಹೇಗೆ ಎನ್ನುವವರು ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದ ಅವರು ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಆದರೂ ಅವರ ಮನೆ ಎಂದರೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆ. ಉಡುಪು ಬಿಳಿಯ ಖಾದಿ. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಸುತ್ತ ವಿದ್ಯಾರ್ಥಿಗಳಿದ್ದರು, ವಾದ ಮಾಡುವವರಿದ್ದರು, ನಗುವವರಿದ್ದರು. ಪೂಜೆ ಪವಾಡಗಳನ್ನು ಪ್ರಶ್ನಿಸುತ್ತಿದ್ದ ವಿಚಾರವಾದಿ ಅವರು. ಅಂದರೆ ಸರಳ ಬದುಕಿಗೆ ಕಾವಿಯೂ ಬೇಕಿಲ್ಲ, ಒಂದು ನಿರ್ದಿಷ್ಟ ನಂಬಿಕೆಯೂ ಬೇಕಿಲ್ಲ.

ಗೃಹಸ್ಥರ ಉದಾಹರಣೆ ಬೇಕಿದ್ದರೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಇದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ಮೊದಲಿದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು, ನಮಗೆ ಎಷ್ಟು ಬೇಕು ಎಂಬುದು ಆಕೆಗೆ ಖಚಿತವಾಗಿ ಗೊತ್ತಿತ್ತು. ನಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತಿದೆ?

ಬಡತನ ಬೇರೆ, ಸರಳತೆ ಬೇರೆ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಬಡವರೇ ಸುಖಿಗಳು' ಎನ್ನುವ ಮಾತನ್ನು ಹೊಟ್ಟೆ ತುಂಬಿದವರು ಹೇಳುತ್ತಾರೆ. ವೈದ್ಯರು ಅದನ್ನು ಒಪ್ಪಲಾರರು. ಬಡತನ ರಕ್ತಹೀನತೆಯನ್ನು ತರುತ್ತದೆ, ಕ್ಷಯವನ್ನು ತರುತ್ತದೆ, ಚಿಕಿತ್ಸೆಗೆ ತಡವಾಗಿ ಬರುವಂತೆ ಮಾಡುತ್ತದೆ. ಒಂದು ಹೊತ್ತಿನ ಊಟ ಸಿಗದವನಿಗೆ ಸಂತೃಪ್ತಿಯ ಪಾಠ ಹೇಳುವುದು ಕ್ರೌರ್ಯ. ಸರಳತೆ ಎಂದರೆ ಬೇಕಾದಷ್ಟು ಇದ್ದು, ಅದಕ್ಕಿಂತ ಹೆಚ್ಚಿನದನ್ನು ತಾನಾಗಿಯೇ ಬಿಡುವುದು.

ಹಣವಿಂದ ನೆಮ್ಮದಿ ಬರುವುದೇ ಇಲ್ಲ ಎಂಬುದೂ ಸರಿಯಲ್ಲ. ಅಮೆರಿಕದಲ್ಲಿ 1978ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಲಾಟರಿ ಗೆದ್ದ 22 ಮಂದಿ ಇತರರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ. ಹರಟೆ, ತಿಂಡಿಯಂಥ ದಿನನಿತ್ಯದ ಸಣ್ಣ ಸಂಗತಿಗಳಲ್ಲಿ ಅವರಿಗೆ ಸಿಗುವ ಸಂತೋಷ ಕಡಿಮೆಯಾಗಿತ್ತು. ಆದರೆ 2020ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಹೆಚ್ಚು ದೊಡ್ಡ ಅಧ್ಯಯನದಲ್ಲಿ, ಲಾಟರಿ ಗೆದ್ದವರಿಗೆ ತಮ್ಮ ಬದುಕಿನ ಬಗೆಗಿನ ತೃಪ್ತಿ ವರ್ಷಗಳ ಬಳಿಕವೂ ಹೆಚ್ಚಾಗಿತ್ತು. ತಮ್ಮ ಹಣಕಾಸಿನ ಸ್ಥಿತಿಯ ಬಗ್ಗೆ ಅವರು ನಿಶ್ಚಿಂತರಾಗಿದ್ದುದು ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಇದರ ಅರ್ಥ ಸ್ಪಷ್ಟ. ಹಣ ಚಿಂತೆಯನ್ನು ಕಳೆಯುವಷ್ಟರ ಮಟ್ಟಿಗೆ ನೆಮ್ಮದಿ ಕೊಡುತ್ತದೆ. ಅದೇ ಹಣ ಹೊಸ ಚಿಂತೆಯನ್ನು ಕೊಳ್ಳಲು ಖರ್ಚಾದರೆ ಆ ನೆಮ್ಮದಿಯೂ ಹೋಗುತ್ತದೆ. ಆದ್ದರಿಂದ ಕಷ್ಟಕಾಲಕ್ಕೆಂದು ಇಟ್ಟ ಉಳಿತಾಯ ಆಡಂಬರವಲ್ಲ, ಅದೊಂದು ಔಷಧಿ.

ಈ ಕೆಳಗಿನವುಗಳಲ್ಲಿ ಜಿಪುಣತನ ಸಲ್ಲದು:

1. ಶೌಚಾಲಯ, ಶುದ್ಧ ಕುಡಿಯುವ ನೀರು, ಹೊಗೆಯಿಲ್ಲದ ಒಲೆ.
2. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು. 'ಚೆನ್ನಾಗಿದ್ದೇನಲ್ಲ' ಎಂದು ನಿಲ್ಲಿಸಬಾರದು.
3. ಕನ್ನಡಕ, ಸಕ್ಕರೆ ಕಾಯಿಲೆಯವರಿಗೆ ಮೆತ್ತನೆಯ ಸರಿಯಾದ ಪಾದರಕ್ಷೆ, ಬೈಕಿನವರಿಗೆ ಹೆಲ್ಮೆಟ್ಟು, ಮಲಗುವವರಿಗೆ ಸೊಳ್ಳೆಪರದೆ.
4. ಬೇಳೆ, ಸೊಪ್ಪು, ಹಾಲು, ಮೊಟ್ಟೆಯಂಥ ಪೌಷ್ಟಿಕ ಆಹಾರ, ಅದರಲ್ಲೂ ಬೆಳೆಯುವ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ.
5. ಮಕ್ಕಳ ಓದು.

ಇನ್ನೊಂದು ಮಾತನ್ನು ಗಂಡಸರಿಗೆ ವಿಶೇಷವಾಗಿ ಹೇಳಬೇಕು. ಮನೆಯ ಸರಳತೆ ಹೆಂಗಸಿನ ಬೆನ್ನ ಮೇಲೆ ನಡೆಯಬಾರದು. 'ನಮ್ಮಮ್ಮ ಒರಳಲ್ಲೇ ರುಬ್ಬುತ್ತಿದ್ದಳು, ಮಿಕ್ಸಿ ಯಾಕೆ' ಎನ್ನುವ ಯಜಮಾನರು ತಾವು ಮಾತ್ರ ಹೊಸ ಮೊಬೈಲು ಹಿಡಿದಿರುತ್ತಾರೆ. ಸೊಂಟನೋವಿನ ಸೊಸೆಗೆ ಬಟ್ಟೆ ಒಗೆಯುವ ಯಂತ್ರ ಭೋಗವಸ್ತುವಲ್ಲ. ಯಾವ ವಸ್ತು ಬೇಕು, ಯಾವುದು ಬೇಡ ಎಂಬುದನ್ನು ಆ ಕೆಲಸ ಮಾಡುವವರನ್ನೇ ಕೇಳಿ ತೀರ್ಮಾನಿಸಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವುದನ್ನು ತೃಪ್ತಿ ಎನ್ನಬೇಡಿ. ರಕ್ತಹೀನತೆ ಹುಟ್ಟುವುದು ಅಲ್ಲೇ.

ಹಾಗಾದರೆ ನೆಮ್ಮದಿ ಎಲ್ಲಿದೆ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1938ರಲ್ಲಿ ಒಂದು ಅಧ್ಯಯನ ಆರಂಭಿಸಿತು. ಕೆಲವು ನೂರು ಯುವಕರನ್ನು ಅವರ ಮುಪ್ಪಿನವರೆಗೂ ಹಿಂಬಾಲಿಸಿತು. ಈಗ ಅವರ ಮಕ್ಕಳ ತಲೆಮಾರನ್ನೂ ಅಧ್ಯಯನ ಮಾಡಲಾಗುತ್ತಿದೆ. ಅದರ ಮುಖ್ಯ ತಿಳಿವಳಿಕೆ ಇಷ್ಟೇ: ಮುಪ್ಪಿನಲ್ಲಿ ಆರೋಗ್ಯವಾಗಿ, ಸಂತೋಷವಾಗಿ ಇರುವವರು ಒಳ್ಳೆಯ ಬಾಂಧವ್ಯಗಳನ್ನು ಉಳಿಸಿಕೊಂಡವರು. ಕ್ಯಾಲಿಫೋರ್ನಿಯಾದ ಅಲಮೀಡ ಜಿಲ್ಲೆಯಲ್ಲಿ ಸುಮಾರು ಏಳು ಸಾವಿರ ಜನರನ್ನು ಒಂಬತ್ತು ವರ್ಷ ಗಮನಿಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂಧುಮಿತ್ರರ ಒಡನಾಟ ತೀರ ಕಡಿಮೆ ಇದ್ದವರ ಸಾವಿನ ಪ್ರಮಾಣ ಒಡನಾಟ ಹೆಚ್ಚಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು.

ವಸ್ತುಗಳಿಗೆ ನಾವು ಕೊಡುವ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಕಂತು ಕಟ್ಟಲು ಹೆಚ್ಚುವರಿ ಪಾಳಿ ದುಡಿಯುವ ತಂದೆ ಮಗುವಿನ ಜೊತೆ ಕೂರುವ ಸಂಜೆಯನ್ನು ಮಾರಿರುತ್ತಾನೆ. ಜಗಲಿಯ ಮೇಲೆ ಕೂತು ಮಾತಾಡುವ ಹೊತ್ತನ್ನು ಮೊಬೈಲು ತಿಂದಿರುತ್ತದೆ. ಯಾವ ವಸ್ತುವನ್ನಾದರೂ ಕೊಳ್ಳುವಾಗ ಅದಕ್ಕೆ ಎಷ್ಟು ರೂಪಾಯಿ ಎಂದು ಕೇಳುವುದರ ಜೊತೆಗೆ, ಎಷ್ಟು ಸಂಜೆ ಎಂದೂ ಕೇಳಿಕೊಳ್ಳಿ.

ಊಟದಲ್ಲೂ ಹಾಗೆಯೇ. ರಾಗಿಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು, ಒಂದು ಹಿಡಿ ಸೊಪ್ಪು, ಮಜ್ಜಿಗೆ. ನಮ್ಮ ಸೀಮೆಯ ಈ ಊಟಕ್ಕೆ ಹೆಚ್ಚು ಹಣ ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಡಬ್ಬಿಯಲ್ಲಿ ಬರುವ ದುಬಾರಿ ಪುಡಿಗಳಿಗೆ ಮಾರುಹೋಗುವ ಮುನ್ನ ಇದನ್ನು ನೆನಪಿಡಿ. ಸಕ್ಕರೆ ಕಾಯಿಲೆಯವರು ಮಾತ್ರ ಮುದ್ದೆಯ ಗಾತ್ರವನ್ನು ಚಿಕ್ಕದು ಮಾಡಿ, ಸೊಪ್ಪು ಕಾಳನ್ನು ಹೆಚ್ಚಿಸಬೇಕು.

ಮಾಡಿ ನೋಡಿ

1. ಅನಿವಾರ್ಯವಲ್ಲದ ಯಾವುದೇ ದೊಡ್ಡ ವಸ್ತುವನ್ನು ಕೊಳ್ಳುವ ಮುನ್ನ 30 ದಿನ ಕಾಯಿರಿ. ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿಗೆ ಸಿಕ್ಕಿಸಿ. ತಿಂಗಳ ಬಳಿಕವೂ ಬೇಕೆನಿಸಿದರೆ ಯೋಚಿಸಿ. ಹೆಚ್ಚಿನ ಚೀಟಿಗಳನ್ನು ನೀವೇ ಹರಿದು ಹಾಕುತ್ತೀರಿ.

2. ಮನೆಯ ಎಲ್ಲ ಕಂತುಗಳನ್ನು ಒಂದು ಹಾಳೆಯಲ್ಲಿ ಬರೆದು ಗಂಡ ಹೆಂಡತಿ ಇಬ್ಬರೂ ಕೂತು ನೋಡಿ. ಕಿರುಸಾಲ ಪಡೆಯುವ ಕುಟುಂಬದ ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ನೆಮ್ಮದಿಯ ನಿದ್ದೆಗೆ ಅದಕ್ಕಿಂತ ಬಹಳ ಕಡಿಮೆ ಇರುವುದು ಒಳಿತು. ಮುಚ್ಚಿಟ್ಟ ಸಾಲ ತೋರಿಸಿದ ಸಾಲಕ್ಕಿಂತ ಹೆಚ್ಚು ಕಾಯಿಲೆ ತರುತ್ತದೆ.

3. ಮೊಬೈಲಿನಲ್ಲಿ ಸಾಮಾನು ಮಾರುವ ಆ್ಯಪ್‌ಗಳ ಸೂಚನೆಗಳನ್ನು ನಿಲ್ಲಿಸಿ. ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಡಿ.

4. ವಾರಕ್ಕೆ ಒಂದು ಕಪಾಟು ಅಥವಾ ಒಂದು ಮೂಲೆ ಮಾತ್ರ ಖಾಲಿ ಮಾಡಿ. ಒಂದು ವರ್ಷದಿಂದ ಮುಟ್ಟದ ಬಟ್ಟೆ, ಪಾತ್ರೆಯನ್ನು ಬೇಕಾದವರಿಗೆ ಕೊಡಿ. ಹರಿದದ್ದನ್ನು ದಾನ ಮಾಡಬೇಡಿ. ಹಿರಿಯರ ವಸ್ತುಗಳನ್ನು ಅವರನ್ನು ಕೇಳದೆ ಎಸೆಯಬೇಡಿ. ಅಜ್ಜಿಯ ಹಳೆಯ ತಗಡಿನ ಪೆಟ್ಟಿಗೆ ನಿಮಗೆ ಗುಜರಿ, ಅವರಿಗೆ ಅದು ತವರುಮನೆ.

5. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಇದಕ್ಕೆ ಯಂತ್ರ ಬೇಡ, ಕೆರೆ ಏರಿ ಸಾಕು. ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು.

6. ಮಕ್ಕಳ ಹುಟ್ಟುಹಬ್ಬಕ್ಕೆ ಹತ್ತು ಆಟಿಕೆಯ ಬದಲು ಒಂದು ಆಟಿಕೆ ಮತ್ತು ನಿಮ್ಮ ಒಂದು ಇಡೀ ದಿನವನ್ನು ಕೊಡಿ.

7. ರಾತ್ರಿ ಮಲಗುವಾಗ ಆ ದಿನ ಹಿತವೆನಿಸಿದ ಎರಡು ಮೂರು ಸಂಗತಿಗಳನ್ನು ನೆನೆಯಿರಿ. ಇದ್ದದ್ದನ್ನು ಮರೆಯುವ ಮೆದುಳಿಗೆ ಇದು ನೆನಪಿಸುವ ಅಭ್ಯಾಸ.

ತೃಪ್ತಿಯೋ, ಖಿನ್ನತೆಯೋ?

ಮೇಲುನೋಟಕ್ಕೆ ಇವೆರಡೂ ಒಂದೇ ರೀತಿ ಕಾಣಬಹುದು. 'ನನಗೇನೂ ಬೇಡ' ಎನ್ನುವ ಎಲ್ಲರೂ ಸಂತೃಪ್ತರಲ್ಲ. ತೃಪ್ತಿಯಿರುವವರು ಚೆನ್ನಾಗಿ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಕಂಡರೆ ಮುಖ ಅರಳುತ್ತದೆ. ಖಿನ್ನತೆಯ ಕಾಯಿಲೆ ಇರುವವರಿಗೆ ಮೊದಲು ಇಷ್ಟವಾಗುತ್ತಿದ್ದ ಸಂಗತಿಗಳೂ ಬೇಡವಾಗುತ್ತವೆ. ಊಟ ನಿದ್ದೆ ಕೆಡುತ್ತವೆ, ಆಯಾಸ, ಅಳು, 'ನಾನು ಯಾರಿಗೂ ಬೇಡ' ಎಂಬ ಮಾತು ಬರುತ್ತದೆ. ತಮ್ಮ ಪ್ರೀತಿಯ ವಸ್ತುಗಳನ್ನು ಇದ್ದಕ್ಕಿದ್ದಂತೆ ಇತರರಿಗೆ ಹಂಚತೊಡಗಿದರೆ ಅದನ್ನು ವೈರಾಗ್ಯವೆಂದು ಸುಮ್ಮನಿರಬೇಡಿ, ಅದು ಅಪಾಯದ ಸೂಚನೆಯೂ ಆಗಿರಬಹುದು.

ಇಂಥ ಲಕ್ಷಣಗಳು ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಲೇಬೇಕು. ಸಾಯುವ ಮಾತು ಬಂದರೆ ಎರಡು ವಾರ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಲದಿಂದ ಕಂಗೆಟ್ಟವರೂ ಕರೆ ಮಾಡಲು ಸಂಕೋಚಪಡಬೇಕಾಗಿಲ್ಲ.

ಸಾಮಾನ್ಯವಾಗಿ ಕೇಳುವ ಎರಡು ಪ್ರಶ್ನೆಗಳು

ಆಸೆಯೇ ಇಲ್ಲದಿದ್ದರೆ ಮುಂದೆ ಬರುವುದು ಹೇಗೆ?

ಆಸೆ ಬಿಡಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಮಗ ಓದಬೇಕು, ತೋಟಕ್ಕೆ ಹನಿ ನೀರಾವರಿ ಮಾಡಿಸಬೇಕು, ಹೊಸ ಕಸುಬು ಕಲಿಯಬೇಕು ಎಂಬ ಆಸೆಗಳು ಆರೋಗ್ಯಕರ. ಆ ದಾರಿಯಲ್ಲಿ ನಡೆಯುವುದರಲ್ಲೇ ಸಂತೋಷವಿದೆ. ಪಕ್ಕದ ಮನೆಯವರು ಏನು ಕೊಂಡರು ಎಂದು ನೋಡಿ ಹುಟ್ಟುವ ಆಸೆಗೆ ಮಾತ್ರ ಕೊನೆಯಿಲ್ಲ, ಏಕೆಂದರೆ ಪಕ್ಕದ ಮನೆಗಳಿಗೆ ಕೊನೆಯಿಲ್ಲ.

ಮನೆಯಲ್ಲಿ ನಾನೊಬ್ಬನೇ ಸರಳವಾಗಿರಲು ಬಯಸಿದರೆ, ಉಳಿದವರು ಒಪ್ಪದಿದ್ದರೆ?

ಉಪದೇಶ ಬೇಡ, ಜಗಳವಂತೂ ಬೇಡವೇ ಬೇಡ. ಜಗಳದಿಂದಲೂ ರಕ್ತದೊತ್ತಡ ಏರುತ್ತದೆ! ಮೊದಲು ನಿಮ್ಮ ಸ್ವಂತ ಖರ್ಚನ್ನು, ನಿಮ್ಮ ಕಪಾಟನ್ನು ಹಗುರ ಮಾಡಿಕೊಳ್ಳಿ. ಉಳಿದ ಹಣದಲ್ಲಿ ಮನೆಯ ಒಂದು ಸಾಲ ತೀರಿಸಿ. ಆ ತಿಂಗಳು ಮನೆಯವರಿಗೆಲ್ಲ ಆಗುವ ನಿರಾಳವೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಮುಂದಿನ ಸಲ ವೈದ್ಯರ ಬಳಿ ಹೋದಾಗ ಮಾತ್ರೆಗಳ ಚೀಟಿಯ ಜೊತೆಗೆ ನಿಮ್ಮ ಚಿಂತೆಗಳನ್ನೂ ಹೇಳಿಕೊಳ್ಳಿ. ರಕ್ತದೊತ್ತಡವನ್ನು ಅಳೆಯಲು ನಮ್ಮಲ್ಲಿ ಉಪಕರಣವಿದೆ. ಸಾಲ ಎಷ್ಟಿದೆ, ನಿದ್ದೆ ಎಷ್ಟು ಬರುತ್ತಿದೆ, ಮನೆಯಲ್ಲಿ ಯಾರೊಡನೆ ಮಾತು ನಿಂತಿದೆ ಎಂಬುದನ್ನು ನೀವೇ ಹೇಳಬೇಕು. ಅದು ತಿಳಿದರೆ ಅರ್ಧ ಚಿಕಿತ್ಸೆ ಸುಲಭವಾಗುತ್ತದೆ.